ಸ್ವಯಂಚಾಲಿತ ಬಡ್ತಿಗೆ ಅರ್ಜಿ ಸಲ್ಲಿಸಿ

ನಮ್ಮಕ್ಕನ ಮಗನಿಗೆ ಎಫ್‌ಡಿಎ, ಅಂದರೆ ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕನ ಕೆಲಸ, ಆಯಿತು. ಆಯಿತು ಅಂದರೆ ಒಂದೇ ದಿನಕ್ಕೆ ಆದದ್ದಲ್ಲ. ಪಟ್ಟಿಯಲ್ಲಿ ಹೆಸರು ಬಂತು, ಆಕ್ಷೇಪಣೆಯ ಅವಧಿ ಮುಗಿಯಿತು. ಆಮೇಲೆ ಜಾತಿ ಪ್ರಮಾಣಪತ್ರದ ಸಿಂಧುತ್ವ ನೋಡುವವರು, ಆಸ್ಪತ್ರೆಯವರು, ಪೊಲೀಸಿನವರು ಒಬ್ಬರಾದ ಮೇಲೊಬ್ಬರು ಅವನು ಅವನೇ ಹೌದು ಎಂದು ಬರೆದುಕೊಟ್ಟರು. ಕಡೆಗೂ ನೇಮಕಾತಿ ಆದೇಶ ಕೈಗೆ ಬಂತು. ಅಕ್ಕ ಕೇರಿಗೆಲ್ಲ ಸಿಹಿ ಹಂಚಿದಳು. ಹುಡುಗ ಮಾತ್ರ ಆದೇಶವನ್ನು ಮೂರು ಸಲ ಓದಿ ನನಗೆ ಫೋನ್ ಮಾಡಿದ.

"ಮಾವ, ಸಂಬಳ ಮಾತಾಡೋಕೆ ಯಾರನ್ನ ನೋಡ್ಬೇಕು?"

ಅವನದೇನೂ ತಪ್ಪಿಲ್ಲ. ನಾಲ್ಕು ವರ್ಷ ಖಾಸಗಿ ಕಂಪನಿಯಲ್ಲಿ ಇದ್ದು ಬಂದವನು. ಅಲ್ಲಿ ಮೊದಲು ಹೇಳಿದ ಮೊತ್ತಕ್ಕೇ ತಲೆಯಾಡಿಸಿದರೆ ಪೆದ್ದ ಅಂತ ಲೆಕ್ಕವಂತೆ. ಎಚ್‌ಆರ್‌ನವರು ಒಂದು ಅಂಕಿ ಹೇಳಬೇಕು, ಇವನು ಮುಖ ಸಪ್ಪಗೆ ಮಾಡಬೇಕು, ಬೇರೆ ಕಡೆಯೂ ಆಫರ್ ಇದೆ ಅನ್ನಬೇಕು, ಅವರು ಮೇಲಿನವರನ್ನು ಕೇಳಿ ಹೇಳ್ತೀವಿ ಅನ್ನಬೇಕು. ಕೊನೆಗೆ, ಇಲ್ಲಿ ಬೆಳೆಯೋಕೆ ಏನು ಅವಕಾಶ ಇದೆ ಅಂತ ಇವನು ಗಂಭೀರವಾಗಿ ಕೇಳಬೇಕು. ಇಷ್ಟೂ ವಿದ್ಯೆಯನ್ನು ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿಟ್ಟುಕೊಂಡು ಸರ್ಕಾರದ ಬಾಗಿಲಿಗೆ ಹೊರಟ. ನಾನು ತಡೆಯಲಿಲ್ಲ. ಇಂಥ ದೃಶ್ಯ ಜನ್ಮಕ್ಕೊಮ್ಮೆ.

ಕಚೇರಿ ಯಾವುದೆಂದು ಹೇಳುವುದಿಲ್ಲ. ಎಲ್ಲ ಕಚೇರಿಯೂ ಅದೇ. ಸಿಬ್ಬಂದಿ ಶಾಖೆಯಲ್ಲಿ ಕಡತ ನೋಡಿಕೊಳ್ಳುವ ಕೇಸ್ ವರ್ಕರ್ ಎದುರು ಹುಡುಗ ಕೂತ. "ಸರ್, ನನಗೆ ನಾಲ್ಕು ವರ್ಷದ ಅನುಭವ ಇದೆ. ಸಂಬಳದ ವಿಷಯ ಸ್ವಲ್ಪ ಮಾತಾಡಬಹುದಾ?"

ಆ ಮನುಷ್ಯ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮಾತಾಡಿ. ಮಾತಿಗೇನು ದುಡ್ಡು ಕೊಡಬೇಕಾ?"

ಆಮೇಲೆ ಆದೇಶದ ಒಂದು ಸಾಲಿನ ಮೇಲೆ ಬೆರಳಿಟ್ಟರು. 44,425ರಿಂದ 83,700. ಅದು ಸಂಬಳವಲ್ಲ, ಶ್ರೇಣಿ. ಬಸ್ಸಿನ ವೇಳಾಪಟ್ಟಿ ಓದಿದ ಹಾಗೆ ಓದಬೇಕು. 44,425ರಲ್ಲಿ ಹತ್ತು, ವರ್ಷಕ್ಕೆ 1,125ರ ಹಾಗೆ ಮೂರು ವರ್ಷ ಹೋದರೆ 47,800 ಅನ್ನೋ ಸ್ಟಾಪು ಬರುತ್ತೆ, ಅಲ್ಲಿಂದ ದರ ಸ್ವಲ್ಪ ಹೆಚ್ಚು. ಕಡೇ ಸ್ಟಾಪು 83,700. ಹತ್ತುವ ಮುಂಚೆಯೇ ಇಳಿಯುವ ಜಾಗ ಬೋರ್ಡಿನಲ್ಲಿದೆ. ಕಂಡಕ್ಟರ್ ಹತ್ತಿರ ಚೌಕಾಸಿ ಏನು ಬಂತು?

ಕುಹಕವಿಲ್ಲದೆ ಹೇಳುತ್ತೇನೆ, ಇದರಲ್ಲೊಂದು ಚೆಂದ ಇದೆ. ಮಾತಿನ ಮಲ್ಲನಿಗೂ ಬಾಯಿಲ್ಲದವಳಿಗೂ ಅದೇ 44,425. ಹಿಂದಿನ ಕಂಪನಿಯ ಸ್ಯಾಲರಿ ಸ್ಲಿಪ್ ತನ್ನಿ ಅಂತ ಯಾರೂ ಕೇಳುವುದಿಲ್ಲ, ಪಕ್ಕದ ಕುರ್ಚಿಯವನಿಗೆ ಎಷ್ಟು ಅನ್ನೋದು ಗುಟ್ಟಲ್ಲ. ಖಾಸಗಿಯವರು ವರ್ಷಗಟ್ಟಲೆ ಸೆಮಿನಾರ್ ಮಾಡಿ ಹುಡುಕುತ್ತಿರುವ ಪಾರದರ್ಶಕತೆ ನಮ್ಮಲ್ಲಿ ಗೋಡೆಗೆ ಅಂಟಿಸಿದೆ.

ಹಾಗಂತ ಸರ್ಕಾರ ಚೌಕಾಸಿಯನ್ನೇ ಮಾಡುವುದಿಲ್ಲ ಅನ್ನಬೇಡಿ. ಒಬ್ಬೊಬ್ಬರ ಹತ್ತಿರ ಮಾಡುವುದಿಲ್ಲ, ಅಷ್ಟೆ. 2023ರ ಮಾರ್ಚ್ 1 ನೆನಪಿದೆಯಲ್ಲ? ನೌಕರರೆಲ್ಲ ಒಟ್ಟಿಗೆ ಕಚೇರಿ ಬಿಟ್ಟು ಕೂತರು. ಅದೇ ದಿನ ಶೇ 17 ಮಧ್ಯಂತರ ಪರಿಹಾರದ ಆದೇಶ ಹೊರಬಿತ್ತು, ಅದೇ ದಿನ ಮುಷ್ಕರ ವಾಪಸಾಯಿತು. ಒಂದು ಕಡತ ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗಲು ಹದಿನೈದು ದಿನ ಹಿಡಿಯುವ ನಾಡಿನಲ್ಲಿ ಇದು ಪವಾಡ. ಮೇ ತಿಂಗಳಲ್ಲಿ ವಿಧಾನಸಭಾ ಚುನಾವಣೆ ಇತ್ತು ಅನ್ನೋದನ್ನು ಇಲ್ಲಿ ಎತ್ತುವುದು ಕೆಟ್ಟ ಬುದ್ಧಿ. ಆದ್ದರಿಂದ ಎತ್ತುವುದಿಲ್ಲ.

ಏಳನೇ ವೇತನ ಆಯೋಗದ್ದು ಇನ್ನೊಂದು ಕಥೆ. 2022ರ ನವೆಂಬರ್‌ನಲ್ಲಿ ರಚನೆ, 2024ರ ಮಾರ್ಚ್‌ನಲ್ಲಿ ವರದಿ, ಆಗಸ್ಟ್ 1ರಿಂದ ಜಾರಿ. ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಏರಿತು. ಸಂತೋಷ. ಆದರೆ ಆದೇಶದಲ್ಲಿ ಒಂದು ಪದ ಇದೆ, ಅದನ್ನು ಬರೆದವರ ಕೈಗೆ ಬಂಗಾರದ ಬಳೆ ತೊಡಿಸಬೇಕು: 'ಕಾಲ್ಪನಿಕವಾಗಿ'. ಹೊಸ ಸಂಬಳ 2022ರ ಜುಲೈ 1ರಿಂದ ಕಾಲ್ಪನಿಕವಾಗಿ, 2024ರ ಆಗಸ್ಟ್ 1ರಿಂದ ವಾಸ್ತವವಾಗಿ. ನಡುವೆ ಇಪ್ಪತ್ತೈದು ತಿಂಗಳು ನೌಕರರು ಕಾಲ್ಪನಿಕ ಸಂಬಳ ತಗೊಂಡು ಕಾಲ್ಪನಿಕ ಅಕ್ಕಿ ತಂದು ಉಂಡರು. ಈ ಇಪ್ಪತ್ತೈದು ತಿಂಗಳಲ್ಲಿ ನಿವೃತ್ತರಾದವರ ಗ್ರಾಚ್ಯುಟಿ ಲೆಕ್ಕಕ್ಕೆ ಮಾತ್ರ ಹಳೇ ಸಂಬಳ. ಅರವತ್ತು ದಾಟಿದವರು ಬ್ಯಾನರ್ ಹಿಡಿದು ಬಿಸಿಲಲ್ಲಿ ನಿಂತರು. ಆ ಬಿಸಿಲು ಕಾಲ್ಪನಿಕವಾಗಿರಲಿಲ್ಲ.

ಇರಲಿ, ಹುಡುಗನ ಕಡೆ ಬರೋಣ. ಸಂಬಳದ ಬಾಗಿಲು ಮುಚ್ಚಿದೆ ಅಂತ ಗೊತ್ತಾದ ಮೇಲೆ ಎರಡನೇ ಬಾಣ ಬಿಟ್ಟ. "ಸರ್, ಇಲ್ಲಿ ಬಡ್ತಿ ಹೇಗೆ?"

"ಯಾವ ಬಡ್ತಿ?" ಅಂದರು ಕೇಸ್ ವರ್ಕರ್.

ಪ್ರಶ್ನೆ ಸರಿಯಾಗೇ ಇದೆ. ನಮ್ಮಲ್ಲಿ ಬಡ್ತಿ ಒಂದಲ್ಲ. ವರ್ಷಕ್ಕೊಂದು ಬರುವುದು ವೇತನ ಬಡ್ತಿ. ಕುರ್ಚಿ ಬದಲಾಗುವುದು ಮುಂಬಡ್ತಿ. ಕುರ್ಚಿ ಬದಲಾಗದೆ ಹತ್ತು ವರ್ಷ ಕಳೆದರೆ ಕಾಲಮಿತಿ ಬಡ್ತಿ. ಹದಿನೈದಾದರೆ ಸ್ವಯಂಚಾಲಿತ ವಿಶೇಷ ಬಡ್ತಿ. ಆಮೇಲೆ ಇಪ್ಪತ್ತು, ಇಪ್ಪತ್ತೈದು, ಮೂವತ್ತಕ್ಕೆ ಒಂದೊಂದು ಹೆಚ್ಚುವರಿ ವೇತನ ಬಡ್ತಿ. ಈ ಏರ್ಪಾಟಿನ ಪ್ರಾಮಾಣಿಕತೆಗೆ ನಾನು ಮಾರುಹೋಗಿದ್ದೇನೆ. 'ನಿನ್ನನ್ನು ಹತ್ತು ವರ್ಷ ಮೇಲಕ್ಕೆ ಬಿಡುವುದಿಲ್ಲ, ಹದಿನೈದಾದರೂ ಬಿಡದಿರಬಹುದು, ಮೂವತ್ತಾದರೂ ಅಲ್ಲೇ ಇದ್ದರೆ ಈ ಸಮಾಧಾನದ ದುಡ್ಡು ತಗೋ' ಅಂತ ಸೇರುವ ದಿನವೇ ನಿಯಮದಲ್ಲಿ ಬರೆದಿಟ್ಟ ಧಣಿ ಇನ್ನೆಲ್ಲಿದ್ದಾನೆ?

ಅದರಲ್ಲೂ 'ಸ್ವಯಂಚಾಲಿತ' ಅನ್ನೋದು ನನ್ನ ಪ್ರೀತಿಯ ಪದ. ತಾನಾಗಿಯೇ ನಡೆಯುವಂಥದ್ದು ಅಂತ ನಿಘಂಟು ಹೇಳುತ್ತದೆ. ಕಚೇರಿಯಲ್ಲಿ ಅದು ನಡೆಯುವ ಬಗೆ ಕೇಳಿ. ಹದಿನೈದು ವರ್ಷ ತುಂಬಿದವನು ಮೊದಲು ಅರ್ಜಿ ಕೊಡಬೇಕು. ಇಲಾಖಾ ವಿಚಾರಣೆ ಬಾಕಿ ಇಲ್ಲ ಅಂತ ಒಂದು ದೃಢೀಕರಣ, ಆಸ್ತಿ-ಹೊಣೆಗಾರಿಕೆ ಪಟ್ಟಿ ಸಲ್ಲಿಸಿದ್ದಕ್ಕೆ ಒಂದು ಪುರಾವೆ, ಇಷ್ಟೂ ವರ್ಷದ ಕಾರ್ಯ ನಿರ್ವಹಣಾ ವರದಿಗಳು, ಸೇವಾ ಪುಸ್ತಕ. 2014ನೇ ಸಾಲಿನ ವರದಿ ಬರೆಯಬೇಕಿದ್ದ ಸಾಹೇಬರು ಬರೆಯದೇ ನಿವೃತ್ತರಾಗಿದ್ದರೆ ಅವರ ಮನೆ ಹುಡುಕಿಕೊಂಡು ಹೋಗಬೇಕು. ಆಮೇಲೆ ಕಡತದ ಹಿಂದೆ ನಡೆಯಬೇಕು. ಹೀಗೆ ನೌಕರ ಸ್ವಯಂ ಚಲಿಸಿ ಚಲಿಸಿ ಪಡೆಯುವುದರಿಂದ ಅದು ಸ್ವಯಂಚಾಲಿತ.

ಸೇವಾ ಪುಸ್ತಕ ಅಂದೆನಲ್ಲ, ಅದರ ಮೊದಲ ಪುಟ ನೋಡಿದ್ದೀರಾ? ಎತ್ತರ ಎಷ್ಟು, ಮೈಮೇಲಿನ ಗುರುತೇನು ಅಂತ ಅಲ್ಲಿ ಬರೆಯಬೇಕು. ನನ್ನ ಸ್ನೇಹಿತರೊಬ್ಬರದು 'ಎಡಗೆನ್ನೆಯ ಮೇಲೆ ಕಪ್ಪು ಮಚ್ಚೆ'. ಮೂವತ್ತೊಂದು ವರ್ಷದ ಸೇವೆಯಲ್ಲಿ ಪುಸ್ತಕ ಎರಡು ಸಲ ಕಳೆಯಿತು, ಒಂದು ಸಲ ಮಳೆಗೆ ನೆನೆಯಿತು, ರಜೆಯ ಲೆಕ್ಕ ತಪ್ಪಿತು, ಹೆಸರಿನ ಇನಿಷಿಯಲ್ ತಪ್ಪಿತು. ಮಚ್ಚೆ ಮಾತ್ರ ಇದ್ದಲ್ಲೇ ಇತ್ತು. ಅವರೂ ಹಾಗೇ. ಅಧೀಕ್ಷಕರ ಹುದ್ದೆಗೆ ಮುಂಬಡ್ತಿ ಬಂದದ್ದು ನಿವೃತ್ತಿಗೆ ಏಳು ತಿಂಗಳಿದ್ದಾಗ, ಅದೂ ಇನ್ನೂರು ಕಿಲೋಮೀಟರ್ ದೂರದ ಊರಿಗೆ. ಬೇಡ ಅಂತ ಬರೆದುಕೊಟ್ಟು ಬಂದರು.

ಮುಂಬಡ್ತಿಗೆ ಜ್ಯೇಷ್ಠತಾ ಪಟ್ಟಿ ಬೇಕು. ಮೊದಲು ತಾತ್ಕಾಲಿಕ ಪಟ್ಟಿ, ಆಮೇಲೆ ಆಕ್ಷೇಪಣೆ, ಆಮೇಲೆ ಅಂತಿಮ ಪಟ್ಟಿ, ಆಮೇಲೆ ಕೆಎಟಿ ಅನ್ನೋ ನೌಕರರ ವ್ಯಾಜ್ಯದ ನ್ಯಾಯಮಂಡಳಿ, ಆಮೇಲೆ ಮತ್ತೆ ತಾತ್ಕಾಲಿಕ ಪಟ್ಟಿ. ಬಡ್ತಿ ಮೀಸಲಾತಿಯ ವಿಷಯದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪು, 2018ರಲ್ಲಿ ರಾಜ್ಯದ ಹೊಸ ಕಾಯ್ದೆ, 2019ರಲ್ಲಿ ಆ ಕಾಯ್ದೆ ಎತ್ತಿಹಿಡಿದ ಇನ್ನೊಂದು ತೀರ್ಪು. ನ್ಯಾಯ ಯಾರ ಕಡೆ ಅನ್ನುವ ಚರ್ಚೆಗೆ ಬೇರೆ ಜಾಗ ಇದೆ. ನಾನು ನೆನೆಯುತ್ತಿರುವುದು ಪ್ರತಿ ಸಲವೂ ಪಟ್ಟಿಯನ್ನು ಮೊದಲಿಂದ ಬರೆದ ಗುಮಾಸ್ತನ ಕೈಯನ್ನು. ಪಟ್ಟಿ ಅಂತಿಮವಾಗುವವರೆಗೆ ಮೇಲಿನ ಕುರ್ಚಿ ಖಾಲಿ ಬಿಡಲಾಗುತ್ತದೆಯೇ? ಅದಕ್ಕೇ ಪ್ರಭಾರ ಅಂತ ಇದೆ. ಕೆಲಸ ಮೇಲಿನದು, ಬೈಗುಳ ಮೇಲಿನದು, ಹುದ್ದೆ ಮಾತ್ರ ಕೆಳಗಿನದು.

ಹುಡುಗ ಇಷ್ಟನ್ನೂ ಕೇಳಿಸಿಕೊಂಡು ಸುಮ್ಮನೆ ಕೂತಿದ್ದನಂತೆ. ಪಕ್ಕದ ಮೇಜಿನಲ್ಲಿ ಕಂಪ್ಯೂಟರ್ ಮುಂದೆ ಇನ್ನೊಬ್ಬ ಹುಡುಗ ಇದ್ದ. ನೌಕರರ ಸಂಬಳದ ತಂತ್ರಾಂಶ ಎಚ್‌ಆರ್‌ಎಂಎಸ್‌ನಲ್ಲಿ ಇವನ ವಿವರ ಹಾಕಿದ್ದು ಅವನೇ, ಸರ್ಕಾರಿ ವಿಮೆಯ ಕೆಜಿಐಡಿ ಅರ್ಜಿ ತುಂಬಿಸಿದ್ದು ಅವನೇ, ಹೊಸ ಪಿಂಚಣಿ ಯೋಜನೆ ಎನ್‌ಪಿಎಸ್‌ಗೆ ಶೇ 10 ಹಿಡಿಯುತ್ತಾರೆ, 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಹಾಗೇ ಅಂತ ತಿಳಿಸಿ ಹೇಳಿದ್ದೂ ಅವನೇ. ಎಂಟು ವರ್ಷದಿಂದ ಅಲ್ಲೇ ಇದ್ದಾನೆ. ಹೊರಗುತ್ತಿಗೆ.

ಅವನ ಸಂಬಳಕ್ಕೆ ಶ್ರೇಣಿ ಇಲ್ಲ. ಶ್ರೇಣಿ ಇಲ್ಲದ ಮೇಲೆ ಚೌಕಾಸಿ ಇರಬೇಕಲ್ಲ? ಇದೆ. ಚೆನ್ನಾಗೇ ನಡೆಯುತ್ತದೆ. ಟೆಂಡರ್ ಕರೆದು ಇಲಾಖೆಯವರೂ ಏಜೆನ್ಸಿಯವರೂ ಕೂತು ಮಾಡುತ್ತಾರೆ. ಅವನನ್ನು ಮಾತ್ರ ಕರೆಯುವುದಿಲ್ಲ. ಇಲಾಖೆ ಕೊಟ್ಟದ್ದು ಎಷ್ಟು, ಏಜೆನ್ಸಿ ಉಳಿಸಿಕೊಂಡದ್ದು ಎಷ್ಟು, ಪಿಎಫ್ ಕಟ್ಟಿದರೋ ಇಲ್ಲವೋ ಅನ್ನೋದೆಲ್ಲ ಅವನಿಗೆ ತಿಳಿಯುವುದು ಮೂರು ತಿಂಗಳ ಸಂಬಳ ಒಟ್ಟಿಗೆ ಬಂದಾಗ. ಕಾಯಂ ಮಾಡಿ ಅಂದರೆ ಸುಪ್ರೀಂ ಕೋರ್ಟಿನ 2006ರ ಉಮಾದೇವಿ ತೀರ್ಪು ತೋರಿಸುತ್ತಾರೆ. ಅದು ನಮ್ಮ ಕರ್ನಾಟಕದಿಂದಲೇ ಹೋದ ಕೇಸು. ಹಿಂಬಾಗಿಲ ನೇಮಕಾತಿ ಬೇಡ ಅಂತ ಕೋರ್ಟು ಹೇಳಿದ್ದು ಸರಿ. ಆದರೆ ಅದಾಗಿ ಇಷ್ಟು ವರ್ಷ ಮುಂಬಾಗಿಲಿಗೆ ಬೀಗ ಜಡಿದು, ಹಿಂಬಾಗಿಲಲ್ಲಿ ಏಜೆನ್ಸಿ ಬೋರ್ಡು ಹಾಕಿದ್ದು ಯಾರು? ಸಮಾನ ಕೆಲಸಕ್ಕೆ ಸಮಾನ ವೇತನ ತಾತ್ಕಾಲಿಕ ನೌಕರರಿಗೂ ಸಲ್ಲಬೇಕು ಅಂತ 2016ರಲ್ಲಿ ಅದೇ ಕೋರ್ಟು ಹೇಳಿತಲ್ಲ, ಆ ಹಾಳೆಯನ್ನು ಯಾವ ಕಚೇರಿಯಲ್ಲೂ ಯಾಕೆ ಯಾರೂ ತೋರಿಸುವುದಿಲ್ಲ? ಎಂಟು ವರ್ಷ ಕೆಲಸ ಕಲಿತವನು, ನಿನ್ನೆ ಬಂದವನಿಗೆ ಕೆಲಸ ಕಲಿಸಿ, ಅವನಿಗಿಂತ ಎಷ್ಟೋ ಕಡಿಮೆ ತಗೊಂಡು ಮನೆಗೆ ಹೋಗುತ್ತಾನೆ. ಇದರಲ್ಲಿ ನಗುವಂಥದ್ದೇನೂ ನನಗೆ ಸಿಗುತ್ತಿಲ್ಲ. ಹುಡುಕಿದೆ.

ಸಂಜೆ ಅಕ್ಕನ ಮಗ ಮತ್ತೆ ಫೋನ್ ಮಾಡಿದ. ಅವನು ಕಚೇರಿಗೆ ಹೋದದ್ದು ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ. ಅಧೀಕ್ಷಕರು ಬಂದದ್ದು ಹನ್ನೊಂದೂವರೆಗೆ, ಸಾಹೇಬರು ಮೀಟಿಂಗ್ ಮುಗಿಸಿ ಬಂದದ್ದು ಎರಡೂವರೆಗೆ. ಹಾಜರಾತಿ ವರದಿ ಟೈಪಾಗುವಾಗ ಕೇಸ್ ವರ್ಕರ್ ಕೇಳಿದರಂತೆ: "ಪೂರ್ವಾಹ್ನ ಹಾಕಲೋ, ಅಪರಾಹ್ನ ಹಾಕಲೋ? ಗಡಿಯಾರ ನೋಡಿದರೆ ಅಪರಾಹ್ನ."

"ಆಮೇಲೆ?" ಅಂದೆ.

"ಬೆಳಿಗ್ಗೆಯಿಂದ ಇಲ್ಲೇ ಕೂತಿದ್ದೀನಿ ಸರ್ ಅಂದೆ. ಆಗಲ್ಲ ಅಂದ್ರು. ಮತ್ತೆ ಕೇಳಿದೆ. ಪಕ್ಕದ ಮೇಜಿನ ಹುಡುಗನೂ, ಹೌದು ಸರ್, ನಾನೇ ನೋಡಿದ್ದೀನಿ ಅಂದ. ಕಾಲು ಗಂಟೆ ಹಿಡೀತು ಮಾವ. ಕೊನೆಗೆ ಪೂರ್ವಾಹ್ನ ಅಂತಲೇ ಬರೆಸ್ಕೊಂಡೆ."