ಲ್ಯಾಪ್‌ಟಾಪಿನಲ್ಲೊಬ್ಬ ಡಾನ್

ನಿನ್ನೆ ಪೋಷಕರ ಸಭೆಯಲ್ಲಿ ಮತ್ತೆ ನನ್ನ ಮಾನ ಹೋಯಿತು. ಹಾಜರಾತಿಯ ಪಿಡಿಎಫ್ ಒತ್ತಿದೆ. ಅದು ಬ್ರೌಸರಿನಲ್ಲಿ ತೆರೆದುಕೊಂಡಿತು. ಗೋಡೆ ತುಂಬ ಪ್ರೊಜೆಕ್ಟರ್ ಬೆಳಕು, ಮೇಲ್ಗಡೆ ಫೈಲಿನ ಪೂರ್ತಿ ವಿಳಾಸ. ನಮ್ಮ ಗಣಿತದ ಮೇಷ್ಟ್ರು ಓದಿಯೇಬಿಟ್ಟರು: "ಸಿ... ಯೂಸರ್ಸ್... ಡಾನ್ ಸೀನ. ಯಾರ್ರೀ ಮೇಡಂ ಇವನು?"

ಈ ಮೇಷ್ಟ್ರಿಗೆ ಕಣ್ಣಿಗೆ ಬಿದ್ದ ಅಕ್ಷರ ಬಾಯಿಂದ ಹೊರಗೆ ಬರಲೇಬೇಕು. ಆಟೋದಲ್ಲಿ ಕೂತರೆ ಮೋತಿ ಸರ್ಕಲ್‌ನಿಂದ ರಾಯಲ್ ಸರ್ಕಲ್‌ವರೆಗೂ ಅಂಗಡಿ ಬೋರ್ಡುಗಳ ಪಾರಾಯಣ. ಮಿರ್ಚಿ ಕಟ್ಟಿಕೊಟ್ಟ ಪೇಪರ್ ಬಿಡಿಸಿ, ಎಣ್ಣೆ ಹೀರಿದ ಜಾಗ ಬಿಟ್ಟು ಮಿಕ್ಕಿದ್ದನ್ನೆಲ್ಲ ಓದುತ್ತಾರೆ. ಯಾರದೋ ಮದುವೆ ಕಾರ್ಡು ಕೈಗೆ ಸಿಕ್ಕರೆ ವಧು-ವರರ ಹೆಸರಿಗೆ ನಿಲ್ಲಿಸುವವರಲ್ಲ. ಕೆಳಗಿನ ಪ್ರಿಂಟಿಂಗ್ ಪ್ರೆಸ್ಸಿನ ಫೋನ್ ನಂಬರೂ ಆಗಬೇಕು. ಅಂಥವರ ಕಣ್ಣಿಗೆ ಡಾನ್ ಸೀನ ಬಿದ್ದರೆ ಬಿಡ್ತಾರಾ?

ಸೀನ ನನ್ನ ಅಕ್ಕನ ಮಗ. ಲ್ಯಾಪ್‌ಟಾಪ್ ತಂದ ದಿನ ಅದಕ್ಕೆ ವಿಂಡೋಸ್ ಹೊಂದಿಸಿಕೊಟ್ಟವನು. ಹೆಸರು ಕೇಳಿದಲ್ಲಿ ತನ್ನ ಬಿರುದನ್ನೇ ಟೈಪ್ ಮಾಡಿ ಮುಂದೆ ಹೋಗಿದ್ದಾನೆ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಹೆಸರು ಬದಲಿಸಿದೆ. ಈಗ ಲಾಗಿನ್ ಆಗುವಾಗ ನನ್ನ ಹೆಸರೇ ಬರುತ್ತೆ. ನನ್ನ ಫೈಲುಗಳೆಲ್ಲ ಇರುವ ಫೋಲ್ಡರ್ ಮಾತ್ರ ಅವನ ಹೆಸರಿನಲ್ಲೇ. ನಮ್ಮೂರಿನ ಕಥೆಯೂ ಹೀಗೇ ಅಲ್ವಾ? ಇಂಗ್ಲಿಷಿನಲ್ಲಿ ಬೆಲ್ಲರಿ ಆಗಿದ್ದದ್ದು 2014ರ ನವೆಂಬರ್ 1ಕ್ಕೆ ಅಲ್ಲೂ ಬಳ್ಳಾರಿ ಆಯಿತು. ರೈಲು ಟಿಕೆಟ್ಟಿನಲ್ಲಿ ಸ್ಟೇಷನ್ ಕೋಡ್ ಅದೇ ಹಳೇ ಬಿಎವೈ.

ಸೀನನಿಗೇ ಫೋನ್ ಹಚ್ಚಿದೆ. "ಚಿಕ್ಕಮ್ಮ, ನೀನು ಒಳಗೆ ಕೂತಿರುವಾಗ ಆ ಫೋಲ್ಡರ್ ಹೆಸರು ಬದಲಾಗಲ್ಲ. ಬೇರೆ ಅಡ್ಮಿನ್ ಅಕೌಂಟಿಂದ ಬರಬೇಕು" ಎಂದ. ಆಮೇಲೆ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನೆಲ್ಲ ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಪ್ರೊಫೈಲ್‌ಲಿಸ್ಟ್ ಹುಡುಕಬೇಕಂತೆ. ಅಲ್ಲಿ ಎಸ್-1-5-21 ಅಂತ ಶುರುವಾಗುವ ಮಾರುದ್ದದ ನಂಬರುಗಳಲ್ಲಿ ನನ್ನದು ಯಾವುದು ಅಂತ ಪತ್ತೆ ಹಚ್ಚಿ, ಪ್ರೊಫೈಲ್‌ಇಮೇಜ್‌ಪಾತ್ ಅನ್ನೋ ಕಡೆ ಹೊಸ ವಿಳಾಸ ಬರೀಬೇಕಂತೆ. "ಒಂದಕ್ಷರ ತಪ್ಪಿದರೆ?" ಅಂದೆ. "ಟೆಂಪರರಿ ಪ್ರೊಫೈಲ್ ಅಂತ ಖಾಲಿ ಡೆಸ್ಕ್‌ಟಾಪ್ ತೋರಿಸುತ್ತೆ, ಅಷ್ಟೇ." ಅಷ್ಟೇ ಅಂತೆ! ಸರಿಯಾಗಿ ಬದಲಿಸಿದರೂ ಹಳೇ ವಿಳಾಸ ನೆನಪಿಟ್ಟುಕೊಂಡ ಶಾರ್ಟ್‌ಕಟ್ಟುಗಳು ಮುನಿಸಿಕೊಳ್ಳುತ್ತವಂತೆ. "ಅದೆಲ್ಲ ಬೇಡ. ಸುಮ್ನೆ ಹೊಸ ಅಕೌಂಟ್ ಮಾಡಿ ಫೈಲ್ ಕಾಪಿ ಮಾಡ್ಕೋ. ಮೀಟಿಂಗ್ ಇದೆ ಚಿಕ್ಕಮ್ಮ, ಇಡ್ತೀನಿ."

ಮೀಟಿಂಗಂತೆ. ಆಗ ಎಂಟನೇ ಕ್ಲಾಸು. ಬೇಸಿಗೆ ರಜೆ ಪೂರ್ತಿ ನಮ್ಮನೆಯಲ್ಲೇ. ಬಿಸಿಲಿಗೆ ಹೊರಗೆ ಬಿಡ್ತಿರಲಿಲ್ಲ ಅಂತ ಕೂಲರ್ ಮುಂದೆ ಬನಿಯನ್‌ನಲ್ಲಿ ಕೂತು ಈ ಲ್ಯಾಪ್‌ಟಾಪ್ ಕುಟ್ಟುತ್ತಿದ್ದ. ಕೀಬೋರ್ಡಿನ ಸಂದಿಯಲ್ಲಿ ಅವನು ಉದುರಿಸಿದ ಮಂಡಕ್ಕಿ ಚೂರು ಈಗಲೂ ಇರಬಹುದು. ಈಗ ಯುಗಾದಿಗೂ ಬರೋದು ಕಷ್ಟ.

ಇರಲಿ. ಇವತ್ತು ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನಲ್ಲೇ ಹೊಸ ಅಕೌಂಟ್ ತೆರೆದು ಕಾಪಿಗೆ ಹಾಕಿದೆ. ಹಿಂದೆ ಮೇಷ್ಟ್ರು ಬಂದು ನಿಂತರು. "ನಾಲ್ಕು ಪರ್ಸೆಂಟ್... ಐದು ಪರ್ಸೆಂಟ್... ಇನ್ನೂ ಎರಡು ಗಂಟೆ... ಅಲ್ಲಲ್ಲ, ಹತ್ತು ನಿಮಿಷ." ಅಷ್ಟಕ್ಕೇ ಸುಮ್ಮನಿದ್ದರೆ ಸಾಕಿತ್ತು. ಕಾಪಿಯಾಗುತ್ತಿದ್ದ ಫೈಲುಗಳ ಹೆಸರೂ ಶುರುವಾಯಿತು. ಚೀಟಿ ಲೆಕ್ಕ ಓದಿದರು. ನನ್ನ ಟ್ರಾನ್ಸ್‌ಫರ್ ಅರ್ಜಿ ಓದಿದರು. ಎಚ್‌ಎಂ ಕೂಡ ಊಟ ನಿಲ್ಲಿಸಿ ಈ ಕಡೆ ತಿರುಗಿದರು.

"ಶುಗರ್ ರಿಪೋರ್ಟ್... ಮೇಡಂ, ನಿಮಗೂ ಶುಗರ್ ಐತೇನ್ರೀ?"