ಒಂದು ಕಿವಿಗೋ, ಎರಡಕ್ಕೋ?

ಮೊನ್ನೆ ಅಣ್ಣನ ಮಗ ಒಂದು ಹಾಳೆ ತಂದು ನನ್ನ ಮುಂದಿಟ್ಟ. ಹಿಗ್ಗಿದ ಕಿವಿಯ ತೂತು ಮುಚ್ಚಲು ಆಸ್ಪತ್ರೆಯವರು ಕೊಟ್ಟ ಎಸ್ಟಿಮೇಟು. ಓದಿ ಮುಗಿಸುವಷ್ಟರಲ್ಲಿ ನನ್ನ ಎರಡೂ ಕಿವಿ ಬಿಸಿಯಾದವು. ಮೊತ್ತ ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಕಿವಿ ಮುಚ್ಚಿಕೊಳ್ಳುತ್ತೀರಿ. ಅದಕ್ಕೂ ಯಾರಾದರೂ ಬಿಲ್ ಹಾಕಿಬಿಟ್ಟಾರು.

ಕಥೆ ನಿಮಗೆ ಗೊತ್ತಿರುವುದೇ. 19ನೇ ವಯಸ್ಸಿನಲ್ಲಿ ಹುಡುಗ ಕಿವಿ ಚುಚ್ಚಿಸಿದ. ತೂತಿಗೆ ಮೊದಲು ಕಡ್ಡಿ ಬಂತು, ಕಡ್ಡಿ ಹೋಗಿ ಬಿರಡೆಯಂಥ ಪ್ಲಗ್ ಬಂತು, ಪ್ಲಗ್ ಹೋಗಿ ಬಳೆಯಂಥ ಟನಲ್ ಬಂತು. ಮೂಗಿಗಿಂತ ಮೂಗುತಿ ಭಾರ ಅಂತ ಅವನಜ್ಜಿ ಗೊಣಗುತ್ತಲೇ ಇದ್ದರು. ಈಗ ಅವನಿಗೆ 28. ಕೆಲಸ ಬೇಕು. ಕೆಲಸ ಕೊಡುವವರಿಗೆ ಒಂದೇ ಒಂದು ಆಸೆ: ಅಭ್ಯರ್ಥಿಯ ಕಿವಿಯೊಳಗಿಂದ ಹಿಂದಿನ ಗೋಡೆ ಕಾಣಬಾರದು.

'ನೋಡು ಚಿಕ್ಕಪ್ಪ' ಅಂತ ಪ್ಲಗ್ ತೆಗೆದ. 30 ಮಿಲಿಮೀಟರಿನದು. ಕಿವಿಯ ಹಾಲೆ ಹಳೇ ರಬ್ಬರ್ ಬ್ಯಾಂಡಿನ ಹಾಗೆ ಜೋತುಬಿತ್ತು. ನನ್ನ ಹೆಬ್ಬೆರಳು ಆರಾಮಾಗಿ ಒಳಗೆ ಹೋಗಿ ಬಂತು. ಪ್ಲಗ್ಗಿನ ಅಂಚಿಗೆ ಬೆಣ್ಣೆಯಂಥದ್ದೇನೋ ಮೆತ್ತಿಕೊಂಡಿತ್ತು. ಸತ್ತ ಚರ್ಮಕ್ಕೆ ಮೈಯ ಜಿಡ್ಡು ಸೇರಿ ಆಗುವ ಈ ಪದಾರ್ಥವನ್ನು ಈ ಹವ್ಯಾಸದವರು 'ಇಯರ್ ಚೀಸ್' ಅಂತಾರೆ. ವಾಸನೆ ಹೆಸರಿಗೆ ಮೋಸ ಮಾಡುವುದಿಲ್ಲ. ಹೆಲ್ಮೆಟ್ಟಿಗೆ ಸಿಕ್ಕಿಕೊಳ್ಳದಿರಲಿ ಅಂತ ಹುಡುಗ ಆ ಕುಣಿಕೆಯನ್ನು ಎತ್ತಿ ಅದೇ ಕಿವಿಯ ಮೇಲ್ತುದಿಗೆ ನೇತುಹಾಕಿಕೊಳ್ಳುತ್ತಾನೆ, ಗೂಟಕ್ಕೆ ಟವಲು ಹಾಕಿದ ಹಾಗೆ. ನಾನು ನಗಬಾರದು ಅಂದುಕೊಂಡೇ ನಕ್ಕೆ.

ಇವರ ಅಳತೆಯ ಲೆಕ್ಕವೇ ಬೇರೆ. ಅದಕ್ಕೆ ಗೇಜ್ ಅನ್ನುತ್ತಾರೆ. ಮೂಲದಲ್ಲಿ ತಂತಿ ಎಳೆಯುವವರ ಲೆಕ್ಕ ಅದು. ತಂತಿಯನ್ನು ಅಚ್ಚಿನ ತೂತಿನಲ್ಲಿ ಮತ್ತೆ ಮತ್ತೆ ಎಳೆದಷ್ಟೂ ತೆಳುವಾಗುತ್ತದೆ, ಅಂಕಿ ಏರುತ್ತದೆ. ಹಾಗಾಗಿ 20 ಗೇಜ್ ಅಂದರೆ ಬರೀ 0.8 ಮಿ.ಮೀ. ತೂತು ದೊಡ್ಡದಾದ ಹಾಗೆ ಅಂಕಿ ಇಳಿಯುತ್ತಾ ಬಂದು, ಸುಮಾರು 8 ಮಿ.ಮೀ.ಗೆ ಸೊನ್ನೆಯಾಗುತ್ತದೆ. ಸೊನ್ನೆ ಮುಟ್ಟಿದ ಮೇಲೆ ಮನುಷ್ಯ ನಿಲ್ಲಬೇಕು ತಾನೇ? ಇಲ್ಲ. ಇನ್ನೊಂದು ಸೊನ್ನೆ ಸೇರಿಸಿ 00 ಅಂತಾರೆ, ಸುಮಾರು 10 ಮಿ.ಮೀ. ಅದನ್ನೂ ದಾಟಿದರೆ ಸೊನ್ನೆಗಳೇ ಕೈಚೆಲ್ಲಿ ಕೂರುತ್ತವೆ, ನೇರ ಮಿಲಿಮೀಟರು, ಇಂಚಿನ ಲೆಕ್ಕ ಶುರು. ಹಾಲೆಯಲ್ಲಿ ಮೂಳೆ ಇಲ್ಲ, ಕಿವಿಯ ಉಳಿದ ಭಾಗದಲ್ಲಿರುವ ಮೆತ್ತನೆ ಮೂಳೆಯೂ ಇಲ್ಲ. ಇರುವುದು ಕೊಬ್ಬು, ನಾರು, ಚರ್ಮ. ಸಣ್ಣ ತೂತು ತಾನಾಗೇ ಕುಗ್ಗುತ್ತದೆ. ಈ ಎರಡು ಸೊನ್ನೆಯ ಆಸುಪಾಸು ದಾಟಿದರೆ ವಾಪಸು ಬರುವುದು ಅನುಮಾನ ಅಂತ ಕಿವಿ ಹಿಗ್ಗಿಸುವವರೇ ಒಬ್ಬರಿಗೊಬ್ಬರು ಎಚ್ಚರಿಸುತ್ತಾರೆ, ಎಚ್ಚರಿಸಿ ದಾಟುತ್ತಾರೆ. ಆ ಸೊನ್ನೆಗಳು ಎಲ್ಲೂ ಕಳೆದುಹೋಗಿರಲಿಲ್ಲ ನೋಡಿ. ಎಸ್ಟಿಮೇಟಿನ ಕೊನೇ ಸಾಲಿನಲ್ಲಿ ಸಾಲಾಗಿ ಬಂದು ಕೂತಿದ್ದವು.

ಹಿಗ್ಗಿಸಲು ಬಳಸುವ ಸಾಮಾನು ಕೇಳಿದಿರೋ? ನಲ್ಲಿ ಸೋರದಿರಲಿ ಅಂತ ಪ್ಲಂಬರ್ ಸುತ್ತುವ ಬಿಳೀ ಟೆಫ್ಲಾನ್ ಟೇಪು. ಪ್ಲಗ್ಗಿಗೆ ಅದನ್ನು ಕೆಲವು ದಿನಕ್ಕೊಮ್ಮೆ ಒಂದೊಂದು ಸುತ್ತು ಸುತ್ತಿ ದಪ್ಪ ಮಾಡುತ್ತಾ ಹೋಗುವುದು. ತೆರೆಯುವುದು ಪ್ಲಂಬರನ ಟೇಪಿನಲ್ಲಿ, ಮುಚ್ಚುವುದು ಪ್ಲಾಸ್ಟಿಕ್ ಸರ್ಜನ್ನನ ಕೈಯಲ್ಲಿ. ನಡುವಿನ ವ್ಯತ್ಯಾಸವನ್ನು ನೀವು ಕೊಡುತ್ತೀರಿ.

ಸುಮ್ನೆ ಎರಡು ಹೊಲಿಗೆ ಹಾಕಿ ಕಳಿಸಬಾರದೇ ಅಂತ ನಾನೂ ಕೇಳಿದೆ. ಡಾಕ್ಟರು ತಾಳ್ಮೆಯವರು. ತೂತಿನ ಒಳಗೋಡೆಗೆ ಪೂರ್ತಿ ಚರ್ಮ ಬೆಳೆದಿರುತ್ತದೆ, ಚರ್ಮಕ್ಕೆ ಚರ್ಮ ಅಂಟುವುದಿಲ್ಲ ಅಂದರು. ನಿಜವೇ. ಅಂಟುವುದಾಗಿದ್ದರೆ ಒಮ್ಮೆ ಕೈ ಮುಗಿದವರು ಆಮೇಲೆ ಊಟ ಮಾಡುವುದು ಹೇಗೆ? ಹಾಗಾಗಿ ಹಾಲೆಯನ್ನಷ್ಟೇ ಮರಗಟ್ಟಿಸಿ, ಒಳಗಿನ ಚರ್ಮ ಕೊಯ್ದು ತೆಗೆದು, ಹೆಚ್ಚಾಗಿ ಜೋತಿದ್ದನ್ನು ಕತ್ತರಿಸಿ, ಹಸಿ ಅಂಚಿಗೆ ಹಸಿ ಅಂಚು ಕೂಡಿಸಿ, ಗುಂಡಗೆ ಕಾಣುವ ಹಾಗೆ ಹೊಲಿಯಬೇಕು. ಅರ್ಧ ಗಂಟೆ, ಮುಕ್ಕಾಲು ಗಂಟೆಯ ಕೆಲಸ. ಒಂದೆರಡು ವಾರದಲ್ಲಿ ಹೊಲಿಗೆ ಬಿಚ್ಚುತ್ತಾರೆ. ನಾಜೂಕಿನ ಕೆಲಸ, ಆ ಕೈಗೆ ಕೂಲಿ ಕೊಡಲು ನನ್ನ ತಕರಾರಿಲ್ಲ.

ತಕರಾರು ಎಸ್ಟಿಮೇಟಿನ ಬಾಲದ್ದು. ಮಾತಾಡಿದ್ದಕ್ಕೆ ಒಂದು ಫೀಸು. ಕೊಯ್ಯುವುದಕ್ಕೆ ಒಂದು. ಕೊಯ್ಯುವ ಕೋಣೆಗೆ ಒಂದು. ಮರಗಟ್ಟಿಸುವ ಔಷಧಿಗೆ ಒಂದು, ಅದು ಸಿರಿಂಜಿನ ತಳದಲ್ಲಿ ಹುಡುಕಬೇಕಾದಷ್ಟು. ದಾರಕ್ಕೆ ಒಂದು. ಬ್ಯಾಂಡೇಜಿಗೆ ಒಂದು. ಮತ್ತೆ ತೋರಿಸಲು ಬಂದರೆ ಇನ್ನೊಂದು. ಇಷ್ಟೆಲ್ಲಾ ಕೂಡಿದರೂ ಜಾಹೀರಾತಿನಲ್ಲಿ ನೋಡಿದ 'ಇಂತಿಷ್ಟರಿಂದ ಆರಂಭ'ಕ್ಕೂ ಇದಕ್ಕೂ ತಾಳೆಯಾಗಲಿಲ್ಲ. ಕೌಂಟರಿನ ಹುಡುಗಿಯನ್ನು ಕೇಳಿದೆ. ಅವಳು ಕಂಪ್ಯೂಟರಿನಿಂದ ತಲೆ ಎತ್ತದೆ, 'ಅದು ಒಂದು ಕಿವಿಯ ರೇಟು ಸರ್. ನಿಮಗೆ ಒಂದು ಕಿವಿಗೋ, ಎರಡಕ್ಕೋ?' ಅಂದಳು.

ನಾನು ತಲೆ ಮುಟ್ಟಿ ನೋಡಿಕೊಂಡೆ. ಎರಡೇ ಇದ್ದವು. ಚಪ್ಪಲಿ ಅಂಗಡಿಯವನು ಕೂಡ ಜೋಡಿಗೆ ರೇಟು ಹೇಳುತ್ತಾನೆ ಕಣ್ರೀ. ಹುಡುಗ ಮಾತ್ರ ಗಂಭೀರವಾಗಿ ಯೋಚಿಸತೊಡಗಿದ: 'ಈ ವರ್ಷ ಬಲಗಿವಿ ಮಾಡಿಸಿ, ಬೋನಸ್ ಬಂದ ಮೇಲೆ ಎಡಗಿವಿ ಮಾಡಿಸಿದರೆ? ಸಂದರ್ಶನದಲ್ಲಿ ಓರೆಯಾಗಿ ಕೂತರೆ ಆಯ್ತು.'

ಇದು ಹೊಸ ವಿದ್ಯೆ ಅಂದುಕೊಳ್ಳಬೇಡಿ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೇ ಅಧ್ಯಾಯದ ಬಹುಪಾಲು ಇದೇ ಕಿವಿಪುರಾಣ. ಚುಚ್ಚುವುದು ಹೇಗೆ, ಮೂರು ದಿನಕ್ಕೊಮ್ಮೆ ಇನ್ನಷ್ಟು ದಪ್ಪನೆಯ ಬತ್ತಿ ತೂರಿಸಿ ತೂತು ಹಿಗ್ಗಿಸುವುದು ಹೇಗೆ, ಹಾಲೆ ಹರಿದರೆ ಕೂಡಿಸುವುದು ಹೇಗೆ, ಎಲ್ಲ ಅಲ್ಲೇ ಇದೆ. ಕೂಡಿಸುವುದರಲ್ಲಿ 15 ಬಗೆ. 10 ಸಾಧ್ಯ, ಉಳಿದ 5 ಅಸಾಧ್ಯ. ಅಸಾಧ್ಯದಲ್ಲಿ ಒಂದರ ಹೆಸರು 'ಕಾಕೌಷ್ಠಕ', ಅಂದರೆ ಕಾಗೆತುಟಿಯಂಥ ಹಾಲೆ. ಕಾಗೆಗೆ ತುಟಿ ಎಲ್ಲಿದೆ ಅಂತ ನನ್ನನ್ನು ಕೇಳಬೇಡಿ, ನಾನು ಎಸ್ಟಿಮೇಟು ಓದಿದವನು, ವೈದ್ಯ ಓದಿದವನಲ್ಲ. ನನಗೆ ಇಷ್ಟವಾಗಿದ್ದು ಆ ಪ್ರಾಮಾಣಿಕತೆ. ತೂತು ಮಾಡುವ ವಿದ್ಯೆಯ ಪಕ್ಕದಲ್ಲೇ ಮುಚ್ಚುವ ವಿದ್ಯೆಯನ್ನೂ ಬರೆದಿಟ್ಟಿದ್ದಾರೆ, ಆಗದ್ದನ್ನು ಆಗದು ಅಂದಿದ್ದಾರೆ. ಈಗ ಅಸಾಧ್ಯದ ಪಟ್ಟಿಗೆ ಆರನೆಯದೊಂದು ಸೇರಿಸಬಹುದು: ಕಾಸಿಲ್ಲದವನ ಕಿವಿ.

ಇನ್ನು ವಿಮೆ. ವಿಮೆಯವರ ಜಾಣತನಕ್ಕೆ ನಾನು ಮೊದಲಿನಿಂದಲೂ ಅಭಿಮಾನಿ. ಮಗು ಓಲೆ ಜಗ್ಗಿ ಹಾಲೆ ಹರಿದರೆ ಅದು ಗಾಯ, ಅಂಥದಕ್ಕೆ ಹಣ ಬಂದರೂ ಬಂದೀತು. ಅದೇ ಹಾಲೆಯನ್ನು ನೀವೇ ವರ್ಷಗಟ್ಟಲೆ ಜಗ್ಗಿದರೆ ಅದು ಶೋಕಿ. ಸರಿ, ಒಪ್ಪೋಣ. ಆದರೆ ಶೋಕಿ ಬಿಡುವುದೂ ಶೋಕಿಯೇ ಅಂತೆ! ಹಿಗ್ಗಿಸಿದಾಗ ಚಂದಕ್ಕೆ ಹಿಗ್ಗಿಸಿದಿರಿ, ಮುಚ್ಚುವಾಗ ಚಂದಕ್ಕೆ ಮುಚ್ಚುತ್ತಿದ್ದೀರಿ, ಎರಡೂ ಕಾಸ್ಮೆಟಿಕ್, ಆದ್ದರಿಂದ ಪೈಸೆ ಇಲ್ಲ. ಎಂಥ ತರ್ಕ! ಕಲ್ಲಿನಲ್ಲಿ ಕೆತ್ತಿಸಿ ಇಡಬೇಕು.

ಸಾಕು. ನಗು ಬರುತ್ತಿಲ್ಲ. ಈ ಹುಡುಗನಿಗೆ ಕಿವಿ ಮುಚ್ಚಿಸುವ ಆಸೆ ಇಲ್ಲವೇ ಇಲ್ಲ. ಅವನಿಗೆ ಆ ಕಿವಿ ಇಷ್ಟ. ಮುಚ್ಚಿಸು ಅಂದವರು ಕೆಲಸ ಕೊಡುವವರು. ಅವನ ಲೆಕ್ಕಪತ್ರ ಸರಿಯಿದೆ, ನಡತೆ ಸರಿಯಿದೆ, ಹಾಲೆ ಸರಿಯಿಲ್ಲ ಅಂದರು. ಸರಿ ಮಾಡಿಸಲು ಹೋದರೆ ಇದು ನಿನ್ನ ಸ್ವಂತ ಇಷ್ಟ ಅಂತ ವಿಮೆಯವರು ಬಾಗಿಲು ಹಾಕಿದರು. ಕೆಲಸ ಸಿಗಬೇಕಾದರೆ ಕಿವಿ ಮುಚ್ಚಿರಬೇಕು, ಕಿವಿ ಮುಚ್ಚಲು ಸಂಬಳ ಬೇಕು, ಸಂಬಳ ಬೇಕಾದರೆ ಕೆಲಸ ಬೇಕು. ಒಂಬತ್ತು ವರ್ಷದ ಹಿಂದೆ ಸೂಜಿ ಹಿಡಿದು ನಿಂತವನು ಒಂದೇ ಒಂದು ಮಾತು ಹೇಳಲಿಲ್ಲ. ಅವನ ಅಂಗಡಿಯಲ್ಲಿ ಎಲ್ಲವೂ ಅಗ್ಗ, ಎಲ್ಲವೂ ನಗುನಗುತ್ತಾ. 19ರ ಹುಡುಗರು ಪೆದ್ದು ಕೆಲಸ ಮಾಡುತ್ತಾರೆ, ನಾವೂ ಮಾಡಿದ್ದೇವೆ. ನಮ್ಮದು ಹೊರಗೆ ಕಾಣುತ್ತಿಲ್ಲ ಅಷ್ಟೇ. ಇದನ್ನು ಬರೆಯುತ್ತಾ ನನಗೆ ನಿಜಕ್ಕೂ ಬೇಜಾರಾಗುತ್ತಿದೆ.

ಹಿಂದೆ ಇದೇ ಕಿವಿಗೆ ಕೆಲಸ ಸಿಗುತ್ತಿತ್ತು ಅನ್ನುವುದು ಇನ್ನೂ ಬೇಜಾರು. ಪೆರುವಿನ ಇಂಕಾ ರಾಜ್ಯದಲ್ಲಿ ದೊಡ್ಡ ಮನೆತನದವರು ಕಿವಿಗೆ ಚಿನ್ನದ ಬಿಲ್ಲೆ ಸಿಕ್ಕಿಸಿ ಹಾಲೆ ಹಿಗ್ಗಿಸುತ್ತಿದ್ದರು. ಸ್ಪೇನಿನವರು ಬಂದು ನೋಡಿ ಅವರಿಗೆ 'ಒರೆಹೋನೆಸ್' ಅಂತ ಹೆಸರಿಟ್ಟರು, ಅಂದರೆ ದೊಡ್ಡಕಿವಿಯವರು. ದೊಡ್ಡ ಕಿವಿ ಅಂದರೆ ದೊಡ್ಡ ಹುದ್ದೆ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಳೆಯ, ಓಟ್ಸಿ ಅಂತ ಹೆಸರಿಟ್ಟ ಹೆಣದ ಹಾಲೆಯಲ್ಲೂ ಹಿಗ್ಗಿಸಿದ ತೂತಿದೆ. ಪುಣ್ಯವಂತ, ಯಾವ ಎಚ್‌ಆರ್ ಕೈಗೂ ಸಿಗದೆ ಹಿಮದಲ್ಲಿ ಮಲಗಿದ. ಇವತ್ತು ಅಮೆರಿಕದ ಸೇನೆಯ ನಿಯಮದಲ್ಲಿ ಹಿಗ್ಗಿಸಿದ ಕಿವಿಗೆ ನಿಷೇಧವಿದೆ. ಗುಂಡು ಒಳಗೆ ಬಂದು ಆರಾಮಾಗಿ ಹೊರಗೆ ಹೋಗುವಂಥ ಸವಲತ್ತನ್ನು ಅವರೇಕೆ ಬೇಡ ಅಂದರೋ.

ಹುಡುಗನ ವಿಷಯಕ್ಕೆ ಬರುತ್ತೇನೆ. ಎಸ್ಟಿಮೇಟು ಮಡಚಿ ಜೇಬಿಗಿಟ್ಟ. ಮಾರನೇ ದಿನ ಇನ್ನೊಂದು ಕಂಪನಿಯ ಸಂದರ್ಶನ ಇತ್ತು, ವಿಡಿಯೋದಲ್ಲಿ. ನನ್ನ ಹಳೇ ಹೆಡ್‌ಫೋನ್ ಕೇಳಿ ಪಡೆದ, ಕಿವಿ ಪೂರ್ತಿ ಮುಚ್ಚುವ ಇಡ್ಲಿಯಷ್ಟು ದಪ್ಪದ್ದು. ಹಾಲೆಗಳನ್ನು ಎತ್ತಿ ಒಳಗೆ ತುರುಕಿಕೊಂಡ. ಮುಕ್ಕಾಲು ಗಂಟೆ ಚೆನ್ನಾಗಿ ಮಾತಾಡಿದ. ಇಷ್ಟು ಗಮನ ಕೊಟ್ಟು ಕೇಳುವವರು ಸಿಗುವುದು ಕಷ್ಟ ಅಂತ ಅವರು ಹೊಗಳಿದರಂತೆ. ಸಂಜೆಯೇ ಆಯ್ಕೆಯ ಪತ್ರ ಬಂತು.

ಸೋಮವಾರ ಆಫೀಸಿಗೆ ಹೋಗಬೇಕು. ಹೆಡ್‌ಫೋನ್ ಇನ್ನೂ ವಾಪಸು ಕೊಟ್ಟಿಲ್ಲ.