ಸತ್ಯಾಂಶ: ಕೆಂಪು ಲೋಳೆ ಬಂದರೆ ನೀರೆಲ್ಲ ಚೆಲ್ಲಬೇಕೇ?

‘ಉಪ್ಪುನೀರಿನ ಹೊಸ ಅಕ್ವೇರಿಯಂನಲ್ಲಿ ಕೆಂಪು ಪಾಚಿ ಬಂತಾ? ನೀರು ಪೂರ್ತಿ ಚೆಲ್ಲಿ, ಆ್ಯಂಟಿಬಯಾಟಿಕ್ ಮಾತ್ರೆ ಪುಡಿ ಮಾಡಿ ಹಾಕಿ.’ ಕಲಬುರಗಿಯಲ್ಲಿ ಮೀನು ಸಾಕುವವರಿಗೆ ಈ ಫಾರ್ವರ್ಡ್ ಬಂದಿರಬಹುದು. ನಂಬಬೇಡಿ.

ಅದು ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ; ಅಂದರೆ ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ. ಮರಳಿನ ಮೇಲೆ ಕೆನೆಯಂತೆ ಕಟ್ಟಿಕೊಳ್ಳುತ್ತದೆ, ಎಳೆದರೆ ಹಾಳೆಯಂತೆ ಏಳುತ್ತದೆ. ಮೇಲಿನ ಸಣ್ಣ ಗುಳ್ಳೆಗಳು ಅದು ಬೆಳಕಿನಲ್ಲಿ ಬಿಡುವ ಆಮ್ಲಜನಕ. ತಿನ್ನದೆ ಉಳಿದ ಆಹಾರ, ಓಡಾಟವಿಲ್ಲದ ನೀರು ಸಿಕ್ಕರೆ ಜಾಸ್ತಿ ಹಬ್ಬುತ್ತದೆ. ಮಾತ್ರೆಗೆ ಇದು ಸಾಯಬಹುದು, ಆದರೆ ಮೀನಿನ ತ್ಯಾಜ್ಯದಿಂದ ಬರುವ ವಿಷಕಾರಿ ಅಮೋನಿಯಾ ತೆಗೆಯುವ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಬೀಳಬಹುದು. ಆಮೇಲೆ ಕಷ್ಟ ಮೀನಿಗೇ ಅಲ್ವಾ?

ಸಣ್ಣ ಪೈಪಿನಿಂದ ಲೋಳೆ ಹೀರಿ ತೆಗೆಯಿರಿ. ಶೇ 10–20ರಷ್ಟು ನೀರು ಬದಲಿಸಿದರೆ ಸಾಕು. ಬೋರ್ ನೀರು ಬೇಡ. ಆರ್‌ಒ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಮರೀನ್ ಸಾಲ್ಟ್ (ಉಪ್ಪುನೀರಿನ ಅಕ್ವೇರಿಯಂಗೆಂದೇ ಸಿಗುವ ಸಮುದ್ರ ಉಪ್ಪಿನ ಮಿಶ್ರಣ) ಬೆರೆಸಿ. ಅಡುಗೆ ಉಪ್ಪಲ್ಲ, ಮತ್ತೆ! ಮೀನಿಗೆ ಊಟ ಕಡಿಮೆ ಮಾಡಿ, ಪಂಪನ್ನು ಲೋಳೆ ಕಟ್ಟುವ ಮೂಲೆಯತ್ತ ತಿರುಗಿಸಿ.